ನಮ್ಮ ಕಪಾಟಿನ ಚಿತ್ರಪಿಂಗಾಣಿ

ನಮ್ಮನ್ನು ಕಾಣಬರುವ ಹಳೆಯ ವಿದ್ಯಾರ್ಥಿನಿಯರು ಕುಶಲಪ್ರಶ್ನೆಗಳು ಮುಗಿದ ಬಳಿಕ ತಪ್ಪದೆ ಕೇಳುವ ಮಾತೊಂದುಂಟು: "ಟೀಚರ್, ಆ ಗಾಜಿನ ಕಪಾಟಿನ ಬಟ್ಟಲುಗಳಲ್ಲಿ ನೀವು ಒಂದು ದಿನವಾದರೂ ಚಹ ಕುಡಿದಿದ್ದೀರಾ?" ಮಕ್ಕಳನ್ನು ಶಾಲೆಗೆ ಸೇರಿಸಬರುವ ತಾಯ್ತಂದೆಗಳು ಹೀಗೆ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ಮುಖ್ಯೋಪಾಧ್ಯಾಯಿನಿಯ ಕೊಠಡಿಯಲ್ಲಿ ಬಹುಮಾನದ ಬೆಳ್ಳಿಯ ಪಾತ್ರೆಗಳಿರಬೇಕಾದ ಸ್ಥಳದಲ್ಲಿ ಸೀಳುಬಿಟ್ಟ ಹಳೆಯ ತಟ್ಟೆಗಳೇಕೆ ಎಂಬ ಸಂಶಯವು ಅವರ ಮುಖದಲ್ಲಿ ತೋರಿಬರುತ್ತದೆ. ಶಾಲೆಯ ವಾರ್ಷಿಕ ವರದಿಯು ಈ ಸಂಚಿಕೆಯಲ್ಲಿ ಬೇರೆಡೆ ಅಚ್ಚಾಗುತ್ತಿರುವುದರಿಂದ, ಈ ಪ್ರಶ್ನೆಗೂ ಈ ಸಂಶಯಕ್ಕೂ ಉತ್ತರವಾಗಿ ನಾಲ್ಕು ಮಾತುಗಳನ್ನು ಬರೆಯಲು ಸಂಪಾದಕಿಯರ ಅನುಮತಿಯನ್ನು ಪಡೆದಿರುವೆವು.

ಆ ಕಪಾಟಿನಲ್ಲಿರುವುದು ಯೂರೋಪಿನ ನಾನಾ ಕಾರ್ಖಾನೆಗಳಲ್ಲಿ ತಯಾರಾದ, ಕೈಯಿಂದ ಚಿತ್ರ ಬರೆದ ಪಿಂಗಾಣಿಯ ಹತ್ತೊಂಬತ್ತು ವಸ್ತುಗಳು. ಇಪ್ಪತ್ತು ವರ್ಷಗಳಲ್ಲಿ, ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಗಳ ಸಾಮಾನುಗಳು ಹರಾಜಾದಾಗಲೂ, ಕೊಚ್ಚಿ ಮತ್ತು ಕೂನೂರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ, ನಮ್ಮ ಸಂಬಳದಲ್ಲಿ ಮಿಕ್ಕ ಹಣದಿಂದ ಒಂದೊಂದಾಗಿ ಕೊಂಡವು. ಶಾಲೆಯ ಹಣದ ಒಂದು ಕಾಸೂ ಇವುಗಳಿಗೆ ವ್ಯಯವಾಗಿಲ್ಲ. ಇವುಗಳಲ್ಲಿ ಅರಮನೆಯ ಮೇಜಿಗೆ ಸೇರುವಂಥದು ಒಂದೂ ಇಲ್ಲ. ಅಂಥವನ್ನು ನೋಡಬೇಕೆನ್ನುವವರು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನಮ್ಮವುಗಳಲ್ಲಿ ಬಹುಪಾಲಿಗೆ ಜೊತೆಯಿಲ್ಲ, ಹಲವಕ್ಕೆ ಹಿಡಿಯಿಲ್ಲ.

ಮೊದಲನೆಯದನ್ನು ನಾವು ಕೊಳ್ಳಲಿಲ್ಲ. ತರಬೇತಿ ಕಾಲೇಜಿನಲ್ಲಿ ನಮಗೆ ಚಿತ್ರಕಲೆಯನ್ನು ಬೋಧಿಸಿದ ಉಪಾಧ್ಯಾಯಿನಿಯೊಬ್ಬರು ನಿವೃತ್ತರಾಗುವಾಗ ಸಾಸರಿಲ್ಲದ ಒಂದು ಬಟ್ಟಲನ್ನು ನಮ್ಮ ಕೈಯಲ್ಲಿಟ್ಟರು. ಅದರ ಮೈಮೇಲೆ ಊದಾಬಣ್ಣದ ಪುಟ್ಟ ಹೂಗಳ ಒಂದು ಗೊಂಚಲು. ತಳದಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದ ಹಸುರು ಮುದ್ರೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದಿಂದ ಕೈಯಲ್ಲಿ ಬರೆದ ಎರಡು ಅಕ್ಷರಗಳು ಮತ್ತು ೧೮೯೪ ಎಂಬ ಇಸವಿ. "ಮುದ್ರೆಯನ್ನು ಹಾಕಿದವರು ಯಾರೆಂದು ಪುಸ್ತಕದಲ್ಲಿ ಸಿಗುತ್ತದೆ. ಹೂವನ್ನು ಬರೆದವರು ಯಾರೆಂದು ನೀನು ಯೋಚಿಸು," ಎಂದು ಅವರು ಹೇಳಿದರು. ನಮ್ಮ ಸಂಗ್ರಹವೆಲ್ಲವೂ ಆ ಒಂದು ಮಾತಿನಿಂದ ಬೆಳೆದುದು.

ಆ ಮಾತಿನ ಅರ್ಥವು ತಿಳಿಯಬೇಕಾದರೆ ಪಿಂಗಾಣಿಯ ಚರಿತ್ರೆಯನ್ನು ಸ್ವಲ್ಪ ತಿಳಿದಿರಬೇಕು. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು ತೆಳುವೂ, ತಟ್ಟಿದರೆ ಗಂಟೆಯಂತೆ ನಿನಾದಿಸುವಂಥದೂ ಆದ ಈ ಬಿಳಿಯ ಪಾತ್ರೆಯು ಬಹುಕಾಲ ಚೀನಾ ದೇಶದಿಂದ ಹಡಗುಗಳಲ್ಲಿ ಯೂರೋಪಿಗೆ ಬರುತ್ತಿತ್ತು. ಅದನ್ನು ಮಾಡುವ ರಹಸ್ಯವು ಅಲ್ಲಿಯವರಿಗೆ ತಿಳಿದಿರಲಿಲ್ಲ. ಜರ್ಮನಿಯ ಸ್ಯಾಕ್ಸನಿಯ ದೊರೆಯಾದ ಆಗಸ್ಟಸನು, ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡ ಬ್ಯೋಟ್ಗರ್ ಎಂಬ ತರುಣ ರಸವಾದಿಯನ್ನು ಸೆರೆಯಲ್ಲಿಟ್ಟುಕೊಂಡನು. ಚಿನ್ನವು ದೊರೆಯಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಸಂಗಡ ನಡೆಸಿದ ಪ್ರಯೋಗಗಳಿಂದ ೧೭೦೮ರಲ್ಲಿ ಪಿಂಗಾಣಿಯು ದೊರೆಯಿತು. ೧೭೧೦ರಲ್ಲಿ ಮೈಸೆನ್ ಪಟ್ಟಣದ ಕೋಟೆಯೊಳಗೆ ಕಾರ್ಖಾನೆಯು ಸ್ಥಾಪಿತವಾಯಿತು. ರಹಸ್ಯವನ್ನು ಕಾಯಲು ಕೋಟೆಯೇ ಅನುಕೂಲವಾದ ಸ್ಥಳವೆಂದು ದೊರೆಯು ಭಾವಿಸಿದ್ದನು. ಬ್ಯೋಟ್ಗರನು ೧೭೧೯ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೋಟೆಯಲ್ಲಿಟ್ಟರೂ ರಹಸ್ಯವು ನಿಲ್ಲಲಿಲ್ಲ. ೧೭೧೮ರಲ್ಲಿಯೇ ವಿಯೆನ್ನಾ ನಗರದಲ್ಲಿ ಎರಡನೆಯ ಕಾರ್ಖಾನೆಯು ತಲೆಯೆತ್ತಿತು.

ಅದೇ ಕಾಲದಲ್ಲಿ ಚೀನಾದ ಜಿಂಗ್‌ಡೆಝೆನ್ ಪಟ್ಟಣದ ಕೆಲಸವನ್ನು ಕಣ್ಣಾರೆ ಕಂಡ ಡಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿಯು ೧೭೧೨ರಲ್ಲಿಯೂ ೧೭೨೨ರಲ್ಲಿಯೂ ಎರಡು ದೀರ್ಘ ಪತ್ರಗಳನ್ನು ಸ್ವದೇಶಕ್ಕೆ ಬರೆದನು. ಅಲ್ಲಿ ಒಬ್ಬನು ಅಂಚಿನ ಗೆರೆಯನ್ನು ಮಾತ್ರ ಎಳೆಯುವನೆಂದೂ, ಮತ್ತೊಬ್ಬನು ಹೂವಿನ ಆಕಾರವನ್ನು ಮಾತ್ರ ಬರೆಯುವನೆಂದೂ, ಬಣ್ಣ ತುಂಬುವವನು ಬೇರೊಬ್ಬನೆಂದೂ, ಒಂದು ಪಾತ್ರೆಯು ಮುಗಿಯುವುದರೊಳಗೆ ಎಪ್ಪತ್ತು ಮಂದಿಯ ಕೈಯನ್ನು ದಾಟುವುದೆಂದೂ ಆತನು ತಿಳಿಸುತ್ತಾನೆ. ಆ ಎಪ್ಪತ್ತು ಮಂದಿಯಲ್ಲಿ ಒಬ್ಬರ ಹೆಸರೂ ಪಾತ್ರೆಯ ಮೇಲಿರುವುದಿಲ್ಲ.

ಚಿತ್ರ ಬರೆಯುವ ಕೆಲಸವು ಹೊರಗಿನಿಂದ ನೋಡುವವರು ತಿಳಿದಷ್ಟು ಸುಲಭವಲ್ಲ. ಮೊದಲು ಬಿಳಿಯ ಮಣ್ಣಿನ ಪಾತ್ರೆಯನ್ನು ಮೆರುಗಿನೊಡನೆ ಸುಮಾರು ೧,೪೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಡುತ್ತಾರೆ. ಅಷ್ಟು ಬೆಂಕಿಯನ್ನು ತಾಳುವ ಬಣ್ಣಗಳು ಕೆಲವೇ. ಕೋಬಾಲ್ಟಿನ ನೀಲಿಯು ಅವುಗಳಲ್ಲಿ ಮುಖ್ಯವಾದುದು. ಆದುದರಿಂದ ಮಿಕ್ಕ ಬಣ್ಣಗಳನ್ನು ಸುಟ್ಟ ಪಾತ್ರೆಯ ಮೆರುಗಿನ ಮೇಲೆ ಬರೆದು, ಸುಮಾರು ೮೦೦ ಡಿಗ್ರಿಯಲ್ಲಿ ಮತ್ತೆ ಸುಡಬೇಕು. ಈ ಬಣ್ಣಗಳು ಲೋಹಗಳ ಭಸ್ಮಗಳನ್ನು ಗಾಜಿನ ಪುಡಿಯೊಡನೆ ಸೇರಿಸಿ, ಎಣ್ಣೆಯಲ್ಲಿ ಅರೆದು ಮಾಡಿದವು: ತಾಮ್ರದಿಂದ ಹಸುರು, ಕಬ್ಬಿಣದಿಂದ ಕೆಂಪು, ಚಿನ್ನದಿಂದ ಗುಲಾಬಿ. ಕುಂಚದಲ್ಲಿ ಮಂಕಾಗಿ ಕಾಣುವ ಬಣ್ಣವು ಬೆಂಕಿಯಲ್ಲಿ ಬೇರೆಯೇ ಆಗುವುದರಿಂದ, ಬರೆಯುವವರು ಕಣ್ಣಿನ ಮುಂದೆ ಇಲ್ಲದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು. ಹೆಚ್ಚಿನ ಬೆಂಕಿ ಬೇಕಾದ ಬಣ್ಣವು ಮೊದಲು, ಚಿನ್ನದ ಗೆರೆಯು ಕೊನೆಗೆ. ಹೀಗೆ ಒಂದೇ ತಟ್ಟೆಯು ಹಲವು ಸಲ ಆವಿಗೆಯನ್ನು ಹೊಗಬೇಕು. ಒಂದೊಂದು ಸಲವೂ ಅದು ಬಿರಿಯಬಹುದು. ೧೭೨೦ರಲ್ಲಿ ಮೈಸೆನಿಗೆ ಬಂದ ಹೆರೋಲ್ಟ್ ಎಂಬಾತನು ಇಂಥ ಬಣ್ಣಗಳನ್ನು ಬಹುವಾಗಿ ಬೆಳೆಸಿದುದರಿಂದಲೇ ಆ ಕಾರ್ಖಾನೆಯ ಕೀರ್ತಿಯು ಹಬ್ಬಿತು.

ಕೀರ್ತಿಯು ಹಬ್ಬಿದಂತೆ ಮುದ್ರೆಯೂ ಬಂದಿತು. ೧೭೨೦ರ ದಶಕದಿಂದ ಮೈಸೆನಿನ ಪಾತ್ರೆಗಳ ತಳದಲ್ಲಿ ನೀಲಿಬಣ್ಣದ ಎರಡು ಕತ್ತಿಗಳು ಕತ್ತರಿಯಾಗಿ ಕಾಣಿಸಿಕೊಂಡವು. ೧೭೭೫ರಲ್ಲಿ ಪ್ರಾರಂಭವಾದ ಕೋಪನ್‌ಹೇಗನ್ ನಗರದ ಕಾರ್ಖಾನೆಯವರು ಡೆನ್ಮಾರ್ಕಿನ ಮೂರು ಜಲಮಾರ್ಗಗಳ ಗುರುತಾಗಿ ಮೂರು ಅಲೆಗಳನ್ನು ಬರೆದರು. ನಮ್ಮ ಓದುಗರಿಗೆ ಇದು ಹೊಸದಾಗಿ ತೋರಲಾರದು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ಹಂಚುಗಳು ಇಂದಿಗೂ ಎಷ್ಟೋ ಮನೆಗಳ ಮಾಡಿನ ಮೇಲಿವೆ. ಮಳೆಗಾಲಕ್ಕೆ ಮುಂಚೆ ಹಂಚು ತಿರುಗಿಸುವಾಗ ಅದರ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರನ್ನೂ ಊರಿನ ಹೆಸರನ್ನೂ ಓದದೆ ಬೆಳೆದ ಮಗುವು ಕರಾವಳಿಯಲ್ಲಿ ಅಪರೂಪ. ಆ ಹಂಚನ್ನು ಅಚ್ಚಿನಿಂದ ತೆಗೆದು ಒಣಗಲಿಟ್ಟವರ ಹೆಸರು ಮಾತ್ರ ಅಲ್ಲಿಯೂ ಇಲ್ಲ.

ಫ್ರಾನ್ಸಿನ ಸೇವ್ರ್ ಕಾರ್ಖಾನೆಯು ಈ ವಿಷಯದಲ್ಲಿ ಮೆಚ್ಚತಕ್ಕದ್ದು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಒಬ್ಬೊಬ್ಬ ಚಿತ್ರಕಾರನಿಗೂ ಒಂದೊಂದು ಗುರುತನ್ನು ಕೊಟ್ಟು, ೧೭೫೩ರಿಂದ ವರ್ಷಕ್ಕೊಂದು ಅಕ್ಷರವನ್ನೂ ಗೊತ್ತುಮಾಡಿದ್ದರು. ಆದುದರಿಂದ ಯಾವ ಗುಲಾಬಿಯನ್ನು ಯಾರು ಯಾವ ವರ್ಷ ಬರೆದರೆಂಬುದನ್ನು ಇಂದಿಗೂ ಹೇಳಬಹುದು. ಡೆನ್ಮಾರ್ಕಿನ ರಾಜಮನೆತನಕ್ಕಾಗಿ ೧೭೯೦ರಲ್ಲಿ ಮೊದಲಾಗಿ ೧೮೦೨ರಲ್ಲಿ ನಿಂತ ಫ್ಲೋರಾ ಡಾನಿಕಾ ಎಂಬ ಭೋಜನಪಾತ್ರೆಗಳ ಸಮೂಹವು ಮತ್ತೊಂದು ಉದಾಹರಣೆ. ಆ ದೇಶದ ಸಸ್ಯಗಳನ್ನು ಬೇರುಸಹಿತವಾಗಿ ಚಿತ್ರಿಸಿದ ಸುಮಾರು ೧,೮೦೦ ಪಾತ್ರೆಗಳು ಅವು. ಬಹುಭಾಗವನ್ನು ಬರೆದವನು ಬಾಯರ್ ಎಂಬೊಬ್ಬನೇ. ಆ ಕೆಲಸದಲ್ಲಿ ಆತನ ದೃಷ್ಟಿಯು ಬಹಳವಾಗಿ ಕೆಟ್ಟಿತೆಂದು ಹೇಳುತ್ತಾರೆ. ಪಾತ್ರೆಗಳಲ್ಲಿ ಹೆಚ್ಚಿನವು ಈಗಲೂ ಕೋಪನ್‌ಹೇಗನ್ನಿನ ರೋಸೆನ್‌ಬೋರ್ಗ್ ಅರಮನೆಯಲ್ಲಿವೆ. ಅವನ್ನು ನೋಡಿ ಸಂತೋಷಪಡುವವರು ಆ ಕಣ್ಣುಗಳನ್ನೂ ನೆನೆಯುವುದು ನ್ಯಾಯ.

ಸ್ತ್ರೀಯರ ಪಾಲೇನು ಎಂದು ನಮ್ಮ ವಿದ್ಯಾರ್ಥಿನಿಯರು ಕೇಳದಿರರು. ಸೇವ್ರಿಗೆ ಹೋಗುವ ಮುನ್ನ ಆ ಕಾರ್ಖಾನೆಯು ವ್ಯಾಂಸೆನ್ ಎಂಬಲ್ಲಿದ್ದಾಗ, ಪಿಂಗಾಣಿಯ ಹೂಗಳನ್ನು ಎಸಳೆಸಳಾಗಿ ಜೋಡಿಸುತ್ತಿದ್ದವರು ತರುಣಿಯರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಿ ವಿಕ್ಟೋರ್ ಜಾಕೊತೋ ಎಂಬಾಕೆಯು ದೊಡ್ಡ ವರ್ಣಚಿತ್ರಗಳನ್ನು ಪಿಂಗಾಣಿಯ ಹಲಗೆಗಳ ಮೇಲೆ ಪ್ರತಿಮಾಡಿ ಸೇವ್ರಿನಲ್ಲಿ ಪ್ರಖ್ಯಾತಳಾದಳು. ಆದರೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳಲ್ಲಿ ಅದೇ ಶತಮಾನದಲ್ಲಿ ನಡೆದ ಸಂಗತಿಯು ಬೇರೆ. ಸಣ್ಣ ಗೆರೆಗಳನ್ನು ಎಳೆಯುವಾಗ ಕೈ ನಡುಗದಂತೆ ಮುಂಗೈಯ ಕೆಳಗೆ ಇಟ್ಟುಕೊಳ್ಳುವ ಮರದ ಒರಗು ಒಂದಿರುತ್ತದೆ. ಅದನ್ನು ಹೆಂಗಸರು ಉಪಯೋಗಿಸಕೂಡದೆಂದು ಗಂಡು ಕೆಲಸಗಾರರು ಹಟ ಹಿಡಿದರು. ಒರಗು ದೊರೆತರೆ ಹೆಂಗಸರು ತಮ್ಮಷ್ಟೇ ನಯವಾದ ಕೆಲಸ ಮಾಡಿ, ತಮ್ಮ ಸಂಬಳಕ್ಕೆ ಸಂಚಕಾರ ತರುವರೆಂಬ ಭಯವೇ ಅದಕ್ಕೆ ಕಾರಣ. ಬಿದಿರಿನ ಕಡ್ಡಿಗಿಂತ ಹೆಚ್ಚಲ್ಲದ ಒಂದು ಮರದ ತುಂಡು! ಯಾರ ಕೈಗೆ ಆಧಾರವನ್ನು ಕೊಟ್ಟರು, ಯಾರ ಕೈಯಿಂದ ಕಿತ್ತುಕೊಂಡರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ "ಹೆಂಗಸರ ಕೆಲಸ ಒರಟು" ಎಂದು ತೀರ್ಪು ಹೇಳುವವರು ಅಂದಿನ ಸ್ಟಾಫರ್ಡ್‌ಶೈರಿನಲ್ಲಿ ಮಾತ್ರ ಇದ್ದರೆಂದು ನಾವು ತಿಳಿಯೆವು.

ಕಾರ್ಖಾನೆಯ ಬಾಗಿಲು ಕಿರಿದಾದಾಗ ಮನೆಯ ಬಾಗಿಲು ತೆರೆಯಿತು. ೧೮೭೦ರ ದಶಕದಿಂದ ಯೂರೋಪು ಅಮೆರಿಕಗಳ ಸಾವಿರಾರು ಸ್ತ್ರೀಯರು ಲಿಮೋಜ್ ಮೊದಲಾದೆಡೆಗಳಿಂದ ಬಿಳಿಯ ಬಟ್ಟಲುಗಳನ್ನು ತರಿಸಿ ಮನೆಯಲ್ಲಿ ಚಿತ್ರ ಬರೆಯತೊಡಗಿದರು. ೧೮೭೬ರಿಂದ ಲಂಡನ್ನಿನಲ್ಲಿ ಇಂಥವರ ಕೆಲಸದ ಪ್ರದರ್ಶನಗಳು ನಡೆದವು. ೧೮೭೭ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ಮೇರಿ ಲೂಯಿಸ್ ಮೆಕ್‌ಲಾಫ್ಲಿನ್ ಎಂಬಾಕೆಯು ಹೊಸಬರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದಳು. ಕೆಲವರಿಗೆ ಇದು ವಿನೋದ, ಹಲವರಿಗೆ ಜೀವನೋಪಾಯ. ನಮ್ಮ ಲಿಮೋಜ್ ಬಟ್ಟಲಿನ ಎರಡು ಅಕ್ಷರಗಳು ಇಂಥ ಒಬ್ಬಾಕೆಯವೆಂದೇ ನಾವು ಎಣಿಸಿರುವೆವು. ಕಾರ್ಖಾನೆಯಲ್ಲಿದ್ದರೆ ಅವಳು ತನ್ನ ಅಕ್ಷರವನ್ನು ಬರೆಯುವಂತಿರಲಿಲ್ಲ, ಮನೆಯಲ್ಲಿದ್ದುದರಿಂದ ಬರೆದಳು.

ಇನ್ನು ಸಂಗ್ರಹಿಸುವ ಕ್ರಮದ ವಿಷಯ. ಕೈಬರಹದ ಚಿತ್ರವೆಂದು ಹೇಳಿ ಮಾರುವುದೆಲ್ಲವೂ ಕೈಬರಹವಲ್ಲ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿಯೇ ಇಂಗ್ಲೆಂಡಿನವರು ತಾಮ್ರದ ತಗಡಿನಿಂದ ಕಾಗದಕ್ಕೂ, ಕಾಗದದಿಂದ ಪಾತ್ರೆಗೂ ಚಿತ್ರವನ್ನು ಅಚ್ಚೊತ್ತುವ ಉಪಾಯವನ್ನು ಕಂಡುಹಿಡಿದರು. ಮುಂದೆ ಬಣ್ಣದ ಅಚ್ಚುಗಳೂ ಬಂದವು. ಭೂತಗನ್ನಡಿಯಿಂದ ನೋಡಿದರೆ ಅಂಥ ಅಚ್ಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಾಣುವುದು. ಕುಂಚದ ಕೆಲಸದಲ್ಲಿ ಬಣ್ಣವು ಒಂದೆಡೆ ದಪ್ಪ, ಒಂದೆಡೆ ತೆಳು. ಬೆರಳ ತುದಿಯನ್ನು ಆಡಿಸಿದರೆ ಬಣ್ಣದ ಉಬ್ಬು ತಿಳಿಯುವುದು. ಎರಡು ಎಲೆಗಳು ಎಂದಿಗೂ ಒಂದೇ ಆಗಿರವು. ಗೆರೆಯನ್ನು ಅಚ್ಚಿನಿಂದ ಒತ್ತಿ ಬಣ್ಣವನ್ನು ಮಾತ್ರ ಕೈಯಿಂದ ತುಂಬಿದವೂ ಉಂಟು.

ಮುದ್ರೆಯನ್ನು ನಂಬಿ ಮೋಸಹೋಗಬಾರದು. ಮೈಸೆನಿನ ಕತ್ತಿಗಳನ್ನು ಅನುಕರಿಸಿದವರು ಲೆಕ್ಕವಿಲ್ಲ. ೧೮೪೫ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಸ್ಯಾಂಸನ್ ಮನೆತನದವರು ಹಳೆಯ ಪಿಂಗಾಣಿಗಳ ಪ್ರತಿಗಳನ್ನು ಮಾಡುವುದರಲ್ಲಿಯೇ ಹೆಸರಾದರು. ತಳದಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿ ಮುದ್ರಿತವಾಗಿದ್ದರೆ ಆ ವಸ್ತುವು ಸಾಮಾನ್ಯವಾಗಿ ೧೮೯೧ರ ಅನಂತರದ್ದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸಾಮಾನುಗಳ ಮೇಲೆ ದೇಶದ ಹೆಸರಿರಬೇಕೆಂಬ ಕಾನೂನು ಜಾರಿಗೆ ಬಂದಿತು. ಉಗುರಿನಿಂದ ಮೆಲ್ಲಗೆ ತಟ್ಟಿದಾಗ ದನಿಯು ಒಡಕಾಗಿದ್ದರೆ ಎಲ್ಲಿಯೋ ಸೀಳಿದೆ. ನೋಟುಗಳನ್ನು ಪರೀಕ್ಷಿಸಲು ವರ್ತಕರು ಇಟ್ಟುಕೊಳ್ಳುವ ನೇರಳಾತೀತ ದೀಪವನ್ನು ಕತ್ತಲೆಯಲ್ಲಿ ಹಿಡಿದರೆ, ಹೊಸದಾಗಿ ಬಣ್ಣ ಬಳಿದು ಮುಚ್ಚಿದ ಭಾಗವು ಅನೇಕವೇಳೆ ಬೇರೆಯಾಗಿ ಹೊಳೆಯುವುದು.

ಮೊದಲ ಪ್ರಶ್ನೆಗೆ ಉತ್ತರವನ್ನೂ ಇಲ್ಲಿಯೇ ಹೇಳಿಬಿಡುವೆವು. ಆ ಬಟ್ಟಲುಗಳಲ್ಲಿ ನಾವು ಚಹ ಕುಡಿದಿಲ್ಲ. ಮೆರುಗಿನ ಮೇಲಣ ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ನಿಮ್ಮ ಮನೆಯಲ್ಲಿ ಅಂಥವಿದ್ದರೆ ಹುಳಿಯ ಪದಾರ್ಥವನ್ನು ಅವುಗಳಲ್ಲಿ ಇಡಬೇಡಿರಿ. ತೊಳೆಯುವಾಗ ಬೋಗುಣಿಯ ತಳಕ್ಕೆ ಬಟ್ಟೆ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದಾಗಿ ತೊಳೆಯಿರಿ. ಬಟ್ಟಲನ್ನು ಹಿಡಿಯಿಂದ ಎತ್ತದೆ ಎರಡು ಕೈಗಳಿಂದಲೂ ಎತ್ತಿರಿ.

ಕೆಲವು ವರ್ಷಗಳಿಂದ ಶನಿವಾರದ ಪಾಠಗಳು ಮುಗಿದ ಮೇಲೆ, ಬಯಸಿದ ವಿದ್ಯಾರ್ಥಿನಿಯರಿಗೆ ಕಪಾಟಿನ ಬೀಗವನ್ನು ತೆಗೆದುಕೊಡುತ್ತ ಬಂದಿರುವೆವು. ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಪಿಂಗಾಣಿ, ಕೈಯಲ್ಲಿ ಭೂತಗನ್ನಡಿ. ಹಿಂದೊಮ್ಮೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಅಲ್ಲಿಗೆ ಬರುತ್ತಿದ್ದಳು. ಭಾಷಾಪಾಠಗಳಲ್ಲಿ ಆಕೆಗೆ ಉತ್ತೀರ್ಣಳಾಗುವಷ್ಟು ಅಂಕಗಳು ಬರುತ್ತಿರಲಿಲ್ಲ. ಮಗಳನ್ನು ಬಿಡಿಸಿ ಹೊಲಿಗೆಯ ಕೆಲಸಕ್ಕೆ ಹಾಕುವೆನೆಂದು ತಂದೆಯು ವರ್ಗಾವಣೆ ಪತ್ರಕ್ಕಾಗಿ ಅರ್ಜಿ ಕೊಟ್ಟಿದ್ದರು. ಆ ವಾರ ನಾವು ಒಂದೇ ಮಾದರಿಯ ಎರಡು ಸಾಸರುಗಳನ್ನು ಮೇಜಿನ ಮೇಲಿಟ್ಟಿದ್ದೆವು. ಆಕೆಯು ಬಹಳ ಹೊತ್ತು ನೋಡಿ, "ಟೀಚರ್, ಇವೆರಡನ್ನೂ ಬರೆದವರು ಒಬ್ಬರಲ್ಲ. ಇವರು ಎಸಳನ್ನು ನಡುವಿನಿಂದ ಹೊರಕ್ಕೆ ಎಳೆದಿದ್ದಾರೆ, ಬಣ್ಣ ತುದಿಯಲ್ಲಿ ನಿಂತಿದೆ. ಇವರು ಹೊರಗಿನಿಂದ ಒಳಕ್ಕೆ ಎಳೆದಿದ್ದಾರೆ," ಎಂದಳು. ತಿರುಗಿಸಿ ನೋಡಿದರೆ, ಮುದ್ರೆಯ ಬಳಿ ಚಿತ್ರಕಾರರ ಗುರುತಿಗಾಗಿ ಬರೆದ ಅಂಕೆಗಳು ಒಂದರಲ್ಲಿ ೧೭, ಮತ್ತೊಂದರಲ್ಲಿ ೪೨.

ನಾವು ತಂದೆಯನ್ನು ಕರೆಸಿ ಆ ಸಾಸರುಗಳನ್ನು ತೋರಿಸಿದೆವು. ಅವರು ಸಜ್ಜನರು. ಸಾವಧಾನವಾಗಿ ಕೇಳಿ, "ಇದರಿಂದ ಪರೀಕ್ಷೆ ಪಾಸಾಗುವುದುಂಟೆ, ಟೀಚರ್?" ಎಂದರು. ಆಗುವುದಿಲ್ಲವೆಂದೇ ನಾವು ಹೇಳಿದೆವು. ಆದರೆ ಕೂದಲೆಳೆಯಷ್ಟು ಸಣ್ಣ ಗೆರೆಯ ದಿಕ್ಕನ್ನು ಕಾಣುವ ಬುದ್ಧಿಯು ಪುಸ್ತಕದ ಅಕ್ಷರದ ಮುಂದೆ ಸೋಲುವುದಾದರೆ ಅದಕ್ಕೆ ಕಾರಣವಿರಬೇಕು, ಅದನ್ನು ತಿಳಿಯದೆ ಮಗುವನ್ನು ಬಿಡಿಸಬಾರದು ಎಂದು ಬೇಡಿಕೊಂಡೆವು. ಪರಿಣತರು ಪರೀಕ್ಷಿಸಿ, ಅದು ಓದುಬರಹಗಳಿಗೆ ಸಂಬಂಧಿಸಿದ ಕಲಿಕೆಯ ತೊಡಕು, ದಡ್ಡತನವಲ್ಲ ಎಂದು ಪತ್ರ ಕೊಟ್ಟರು. ಅಂಥ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನು ಕೊಡುವ ನಿಯಮವಿರುವುದರಿಂದ ಅದಕ್ಕೆ ಅರ್ಜಿ ಸಲ್ಲಿಸಿದೆವು. ಸ್ಟಾಫರ್ಡ್‌ಶೈರಿನ ಮರದ ಒರಗಿನ ಕಥೆಯನ್ನು ನಾವು ಮರೆಯದಿರುವುದು ಇದಕ್ಕಾಗಿ. ಆಕೆಯು ಉತ್ತೀರ್ಣಳಾದಳು. ಅಂಕಗಳು ಹೇಳಿಕೊಳ್ಳುವಂಥವಲ್ಲ, ವರ್ಗಾವಣೆ ಪತ್ರದ ಅರ್ಜಿಯು ಮಾತ್ರ ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿಯೇ ಇದೆ.

ನಮ್ಮ ತರುವಾಯ ಇವುಗಳ ಗತಿಯೇನೆಂದು ಬಂಧುಗಳು ಕೇಳುವುದುಂಟು. ಆಡಳಿತ ಮಂಡಲಿಯ ಹಿರಿಯರೊಬ್ಬರು ಶಾಲೆಗೇ ಕೊಡುವುದಾದರೆ ಕಪಾಟಿಗೆ ಭದ್ರವಾದ ಬೀಗ ಹಾಕಿಸಬೇಕೆಂದು ಸಲಹೆಯಿತ್ತರು. ಅವರ ಕಾಳಜಿಯನ್ನು ಗೌರವಿಸುವೆವು. ಆದರೆ ಮುಟ್ಟದೆ ಇಟ್ಟ ಪಿಂಗಾಣಿಯಿಂದ ಮಕ್ಕಳು ಕಲಿಯುವುದು ಅಲ್ಪ. ಇದುವರೆಗೆ ಮಕ್ಕಳ ಕೈಯಲ್ಲಿ ಒಡೆದುದು ಒಂದು ತಟ್ಟೆ ಮಾತ್ರ. ಅಳುತ್ತ ನಿಂತ ಹುಡುಗಿಯಿಂದಲೇ ನಮ್ಮ ಸಂಗ್ರಹದ ದಫ್ತರದಲ್ಲಿ ಬರೆಸಿದೆವು: ಯಾವ ದಿನ, ಎಷ್ಟು ಚೂರು, ಹೇಗೆ ಅಂಟಿಸಲಾಯಿತು. ಆ ದಫ್ತರದಲ್ಲಿ ಒಂದೊಂದು ವಸ್ತುವನ್ನೂ ಎಲ್ಲಿ ಕೊಂಡೆವು, ಎಷ್ಟು ಕೊಟ್ಟೆವು, ಎಲ್ಲಿ ಸೀಳಿದೆ ಎಂಬುದೆಲ್ಲವೂ ಇದೆ. ನಮ್ಮ ತಟ್ಟೆಗಳಲ್ಲೊಂದನ್ನು ನೂರು ವರ್ಷಗಳಿಗೂ ಹಿಂದೆ ಯಾರೋ ಲೋಹದ ಕೊಂಡಿಗಳಿಂದ ಹೊಲಿದು ಸರಿಪಡಿಸಿದ್ದಾರೆ. ಒಡೆದುದನ್ನು ಎಸೆಯದ ಆ ಮನೆಯವರ ಹೆಸರು ನಮಗೆ ದೊರೆತಿಲ್ಲ. ನಮ್ಮ ಹುಡುಗಿಯ ಹೆಸರಾದರೂ ಮುಂದಿನವರಿಗೆ ದೊರೆಯಲಿ. ಕಪಾಟನ್ನೂ ದಫ್ತರವನ್ನೂ ಕೂಡಿಯೇ ಶಾಲೆಗೆ ಬಿಟ್ಟುಹೋಗುವುದೆಂದೂ, ಶನಿವಾರ ಬೀಗ ತೆಗೆಯತಕ್ಕದ್ದೆಂದೂ ಪತ್ರವನ್ನು ಬರೆದಿಟ್ಟಿರುವೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಒಂಟಿ ಸಾಸರೊಂದು ಸಿಕ್ಕಿದರೆ, ಹಳೆಯ ಸಾಮಾನು ಕೊಳ್ಳುವವನಿಗೆ ಹಾಕುವ ಮುನ್ನ ಅದರ ತಳವನ್ನು ತಿರುಗಿಸಿ ಓದಿರಿ. ಪರದೇಶದಲ್ಲಿರುವವರು ನೂರು ವರ್ಷಕ್ಕೆ ಮೀರಿದ ವಸ್ತುವನ್ನು ಇಲ್ಲಿಂದ ಕೊಂಡೊಯ್ಯುವ ಮೊದಲು ೧೯೭೨ರ ಪ್ರಾಚ್ಯವಸ್ತು ಕಾನೂನಿನ ವಿಷಯವನ್ನು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿರಿ. ಅದರಿಂದ ಹಣ ಬರುವುದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಸಾಧಾರಣವಾದ ಬಟ್ಟಲುಗಳಿಗೆ ಇಂದು ಯೂರೋಪಿನಲ್ಲಿಯೇ ಹೆಚ್ಚು ಬೆಲೆಯಿಲ್ಲ. ಮುದ್ರೆಯ ಚಿತ್ರವನ್ನು ತೆಗೆದು, ಅದು ಯಾರ ಕೈಯಿಂದ ನಿಮ್ಮ ಮನೆಗೆ ಬಂದಿತೆಂಬುದನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಿದರೆ, ದಫ್ತರದಲ್ಲಿ ಅದಕ್ಕೊಂದು ಪುಟವನ್ನು ತೆಗೆದಿಡುವೆವು.